ಒಳಗೆ ಇಬ್ಬರು, ಹೊರಗೆ ಒಬ್ಬ

"ಮುಟ್ಬೇಡಿ ಮೇಡಮ್ಮೋರೆ, ಎಂಟರ್ ಬಟನ್ನು ಸಡ್ಲ ಆಗದೆ. ಅದ್ರ ಮರ್ಜಿ ನಂಗೊಬ್ನಿಗೇ ಗೊತ್ತಿರಾದು."

ಅಂಕಯ್ಯ ಸ್ಟೂಲನ್ನು ಮುಂದಕ್ಕೆಳೆದುಕೊಂಡ. ಹೆಗಲ ಮೇಲಿನ ಟವೆಲಿನಿಂದ ಹಳೇ ಕಂಪ್ಯೂಟರಿನ ಪರದೆ ಒರೆಸಿದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ನಡುಗುತ್ತಾ ಮೂಡಿದವು.

ಸೋಮನಹಳ್ಳಿಯ ಸ್ಟಾರ್ಚ್ ಕಾರ್ಖಾನೆಗೆ ಅವತ್ತು ಭಾನುವಾರದ ರಜೆ. ಟ್ಯಾಂಕ್ ಹೌಸಿನ ಬಾಗಿಲ ಪಕ್ಕದ ಈ ಪುಟ್ಟ ಪರ್ಮಿಟ್ ಕೋಣೆಯಲ್ಲಿ ಗುಮಾಸ್ತ ಅಂಕಯ್ಯನನ್ನು ಬಿಟ್ಟರೆ ಇದ್ದವಳು ದೀಪಿಕ ಒಬ್ಬಳೇ. ಮಂಡ್ಯದ ಗುತ್ತಲಿನಲ್ಲಿ ಆರು ವರ್ಷದಿಂದ ಪತ್ತೇದಾರಿ ಕಚೇರಿ ನಡೆಸುತ್ತಿದ್ದವಳಿಗೆ ಬೆಳಿಗ್ಗೆ ಏಳಕ್ಕೇ ಅಂಕಯ್ಯ ಫೋನ್ ಮಾಡಿದ್ದ. "ನಾಳಿಕೆ ಮಿಷಿನ್ನು ಎತ್ತಾಕ್ತಾರಂತೆ. ನೋಡಾದಿದ್ರೆ ಇವತ್ತೇ ಬನ್ನಿ."

ಎರಡು ತಿಂಗಳ ಹಿಂದೆ ಇಲ್ಲಿನ ಮೂರನೇ ನಂಬರ್ ಟ್ಯಾಂಕಿನೊಳಗೆ ರಿಪೇರಿಗೆ ಇಳಿದಿದ್ದ ಫಿಟ್ಟರ್ ಶಿವರಾಜು ಇನ್ನೂ ಒಳಗಿರುವಾಗಲೇ ಹಬೆ ಬಿಟ್ಟಿದ್ದರು. ಕಂಪನಿ ತಪ್ಪನ್ನೆಲ್ಲ ಈ ಹಳೇ ಕಂಪ್ಯೂಟರಿನ ತಲೆಗೆ ಕಟ್ಟಿ ಫೈಲು ಮುಚ್ಚಿತ್ತು. ನಿಜ ಪತ್ತೆ ಮಾಡಿಕೊಡಿ ಅಂತ ಅವನ ಹೆಂಡತಿ ಸೌಮ್ಯ ದೀಪಿಕಳ ಹತ್ತಿರ ಬಂದಿದ್ದಳು.

"ಪರ್ಮಿಟ್ ನಂಬರ್ ಮುನ್ನೂರ ಹದಿನೆಂಟು ತೆಗೀರಿ ಅಂಕಯ್ಯಣ್ಣ."

ಅಂಕಯ್ಯ ಒಂದೊಂದೇ ಬೆರಳಿನಲ್ಲಿ ಒತ್ತಿದ. ಪರದೆಯ ಮೇಲೆ ಬಂದದ್ದು ದೀಪಿಕಳಿಗೆ ಗೊತ್ತಿದ್ದ ಸಾಲೇ. 'ಪರ್ಮಿಟ್ ಚಾಲ್ತಿಯಲ್ಲಿದೆ.' ಸತ್ತವನ ತಿಥಿಯಾಗಿ ಇಷ್ಟು ದಿನವಾದರೂ ಈ ಮೆಷಿನ್ನಿನ ಲೆಕ್ಕದಲ್ಲಿ ಟ್ಯಾಂಕಿನೊಳಗೆ ಇನ್ನೂ ಮನುಷ್ಯನಿದ್ದ.

ಹಳೇ ಮೆಷಿನ್ನಿನದು ತಪ್ಪಿಲ್ಲ ಅನ್ನುವ ಅವಳ ವಾದವೆಲ್ಲ ನಿಂತಿದ್ದದ್ದು ಆ ಒಂದು ಸಾಲಿನ ಮೇಲೆ.

ಟ್ಯಾಂಕಿಗೆ ಇಳಿಯುವವರು ಈ ಕೋಣೆಗೆ ಬಂದು ತಮ್ಮ ಟೋಕನ್ ನಂಬರನ್ನು ತಾವೇ ಒತ್ತಬೇಕು. ಒತ್ತಿದರೆ ಪರ್ಮಿಟ್ ತೆರೆದುಕೊಳ್ಳುತ್ತದೆ. ಅದು ಮುಚ್ಚುವ ತನಕ ಬಾಯ್ಲರಿನವರು ಹಬೆಯ ವಾಲ್ವು ಮುಟ್ಟುವಂತಿಲ್ಲ. ಇಪ್ಪತ್ತೇಳು ವರ್ಷ ಹೀಗೇ ನಡೆದಿತ್ತು, ಒಬ್ಬನ ಕೂದಲೂ ಕೊಂಕಿರಲಿಲ್ಲ. ಈ ವರ್ಷ ಕಂಪನಿಗೆ ಹೊಸತು ಬೇಕಾಯಿತು. ಹಳೇ ಪ್ರೋಗ್ರಾಮನ್ನು ಒಂದೇ ಸಲಕ್ಕೆ ಕಿತ್ತುಹಾಕಲು ಧೈರ್ಯವಿಲ್ಲದೆ ಅದರ ಮೇಲೇ ಹೊಸ ಪರದೆ ಕೂರಿಸಿದರು. ಒಳಗೆ ಹೋಗುವಾಗ ನಂಬರ್ ಒತ್ತುವುದು ಹಳೇ ಮೆಷಿನ್ನಿನಲ್ಲಿ. ಹೊರಗೆ ಬಂದಾಗ ಅದೇ ಟೋಕನ್ ನಂಬರ್ ಹಾಕಿ 'ಕೆಲಸ ಮುಗಿಯಿತು' ಅಂತ ಒತ್ತುವುದು ಟ್ಯಾಂಕಿನ ಪಕ್ಕ ತೂಗುಹಾಕಿದ ಹೊಸ ಟ್ಯಾಬ್ಲೆಟ್ಟಿನಲ್ಲಿ. ಎರಡರ ನಡುವೆ ಸುದ್ದಿ ಹೊತ್ತು ಓಡಾಡಲು ವೆಬ್ ಸರ್ವಿಸ್ ಅನ್ನುವ ಕಣ್ಣಿಗೆ ಕಾಣದ ಕೊಂಡಿ. ಬಾಯ್ಲರ್ ರೂಮಿನಲ್ಲಿ ಬ್ರೌಸರ್ ತೆರೆದಿಟ್ಟರೆ ಒಂದೇ ಪುಟ. ಆ ಪುಟ ಯಾವತ್ತೂ ಬದಲಾಗುವುದಿಲ್ಲ, ಅದರೊಳಗೆ ಟ್ಯಾಂಕಿಗೊಂದರಂತಿರುವ ಚೌಕಗಳು ಮಾತ್ರ ಜನ ಇಳಿದಾಗ ಕೆಂಪಿಗೆ, ಖಾಲಿಯಾದಾಗ ಹಸಿರಿಗೆ ತಿರುಗುತ್ತಿರುತ್ತವೆ.

ಶಿವರಾಜು ಒಳಗಿದ್ದಾಗ ಮೂರನೇ ಚೌಕ ಹಸಿರಾಗಿತ್ತು. ಬಾಯ್ಲರಿನವನು ಹಸಿರು ನೋಡಿ ವಾಲ್ವು ತಿರುಗಿಸಿದ್ದ.

"ಅಳೇ ಮಿಷಿನ್ನು ಸರ್ಯಾಗೇ ಏಳ್ತಾ ಅದೆ," ಅಂದ ಅಂಕಯ್ಯ. "ಆದ್ರೆ ಇದರ ಇಂದೆ ಇನ್ನೊಂದ್ ಪುಟ ಅದೆ. ಎಪ್ಪ್ ಆರು ಬಟನ್ನು ಒತ್ತುದ್ರೆ ಬತ್ತದೆ. ನಿನ್ನೆ ಸಾಮಾನು ಒರಸ್ವಾಗ ಕೈ ತಾಗಿ ಬಂತು. ನೋಡ್ಬುಟ್ಟು ನಂಗೆ ರಾತ್ರೆಲ್ಲ ನಿದ್ದಿಲ್ಲ."

ಒತ್ತಿದ.

'ಒಳಗೆ ಹೋದವರು: 2. ಹೊರಗೆ ಬಂದವರು: 1.'

ದೀಪಿಕ ಬಾಗಿ ಪರದೆಗೆ ಮುಖವಿಟ್ಟು ನೋಡಿದಳು. "ಇಬ್ಬರಾ?"

"ಊಂ. ಅವ್ರು ನಂಬರ್ ಒತ್ವಾಗ ನಾನು ಟೀಗೋಗಿದ್ದೆ, ನೋಡ್ಲಿಲ್ಲ."

"ಶಿವರಾಜು ಒಬ್ಬನೇ ಅಲ್ವಾ ಇಳಿದಿದ್ದು? ಹಾಜರಿ ಪುಸ್ತಕ, ಪೊಲೀಸ್ ಮಹಜರು, ಎಲ್ಲದರಲ್ಲೂ ಒಬ್ಬನೇ."

"ಒಸ ಸ್ಕ್ರೀನಲ್ಲಿ ಒಂದೇ ಎಸ್ರು ಕಾಣಾದು ಮೇಡಮ್ಮೋರೆ. ಎರಡ್ನೇ ಎಸ್ರಿಗೆ ಅಲ್ಲಿ ಜಾಗವೇ ಮಡಗಿಲ್ಲ."

ದೀಪಿಕ ಗೋಡೆಗೆ ಒರಗಿ ನಿಂತಳು. ಎರಡು ತಿಂಗಳಿಂದ ಅರ್ಥವಾಗದೆ ಕುಳಿತಿದ್ದದ್ದು ಒಂದೇ ಕ್ಷಣದಲ್ಲಿ ಬಿಡಿಸಿಕೊಂಡಿತು. ಇಬ್ಬರು ಇಳಿದರು. ಒಬ್ಬ ಹೊರಗೆ ಬಂದು ಟ್ಯಾಬ್ಲೆಟ್ಟಿನಲ್ಲಿ 'ಕೆಲಸ ಮುಗಿಯಿತು' ಒತ್ತಿದ. ಹಳೇ ಮೆಷಿನ್ನು ಬಂದವನೊಬ್ಬನನ್ನು ಎಣಿಸಿಕೊಂಡು ಇನ್ನೊಬ್ಬನಿಗೆ ಕಾಯುತ್ತಾ ಕೂತಿತು. ಹೊಸ ಪರದೆಗೆ ಎಣಿಕೆಯೇ ಗೊತ್ತಿಲ್ಲ. ಒಂದು ಸಲ ಒತ್ತಿದ್ದೇ ಹಸಿರಾಯಿತು.

"ಹೊರಗೆ ಬಂದವನ ಹೆಸರು?"

ಅಂಕಯ್ಯ ಇನ್ನೊಂದು ಬಟನ್ ಒತ್ತಿದ. ಪಾಸ್‌ವರ್ಡ್ ಕೇಳಿತು.

"ಎಸ್ರಿನ ಪುಟಕ್ಕೆ ಬೀಗ. ಅದು ಗೊತ್ತಿರಾದು ನಿಮ್ ಸಾರ್‌ಗೆ ಒಬ್ರಿಗೇ."

ಸಾರ್ ಅಂದರೆ ಅನಂತರಾಮು. ಮಂಡ್ಯದ ಪಾಲಿಟೆಕ್ನಿಕ್ಕಿನಲ್ಲಿ ದೀಪಿಕಳಿಗೆ ಕಂಪ್ಯೂಟರ್ ಕಲಿಸಿದವರು, ಈ ಪ್ರೋಗ್ರಾಮನ್ನು ತಮ್ಮ ಕೈಯಾರೆ ಬರೆದವರು. ಕಂಪನಿ ಅವರ ಮೇಲೆ ಆಪಾದನೆ ಹೊರಿಸಿದಾಗ 'ನಮ್ಮ ಸರ್ ತಪ್ಪು ಮಾಡುವವರಲ್ಲ' ಅಂತ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದ್ದವಳು ಇವಳೇ.

"ಮಳವಳ್ಳಿಗೆ ಹೋಗಿ ಕೇಳ್ತೀನಿ," ಅಂದಳು.

ಅಂಕಯ್ಯ ಎದ್ದೇಳಲಿಲ್ಲ. ಶರ್ಟಿನ ಒಳಗಿನಿಂದ ಮಡಿಸಿದ ಜೆರಾಕ್ಸ್ ಪ್ರತಿಯೊಂದನ್ನು ತೆಗೆದು, ಕೊಡುವುದೋ ಬೇಡವೋ ಅನ್ನುವ ಹಾಗೆ ಹಿಡಿದುಕೊಂಡ.

"ಓಗಾದಾದ್ರೆ ಇದ್ನೂ ತಕಂಡೋಗಿ. ಇಷ್ಟ್ ದಿವ್ಸ ಕೊಡ್ಬಾರ್ದು ಅಂತಿದ್ದೆ. ನಿಮ್ ಮಕ ನೋಡಿ ಕೊಡ್ತಾವ್ನಿ."

ದೀಪಿಕ ಬಿಡಿಸಿ ನೋಡಿದಳು. ಹೊಸ ಪರದೆ ಶುರುವಾಗುವ ಮುಂಚೆ ಮಾಡಿದ ಹೋಲಿಕೆ ಪಟ್ಟಿ. ಹಳೆಯದರಲ್ಲಿ ಏನೇನಿತ್ತು, ಹೊಸದರಲ್ಲಿ ಅದು ಬಂದಿದೆಯೇ ಇಲ್ಲವೇ, ನಲವತ್ತೆರಡು ಸಾಲು. ಹದಿನೇಳನೆಯ ಸಾಲು: 'ಒಳಗಿರುವವರ ಎಣಿಕೆ.' ಅದರ ಮುಂದೆ 'ಇದೆ' ಅಂತ ಒಂದು ಟಿಕ್ಕು. ಕೆಳಗೆ ಸಹಿ.

ಸಹಿ ಓದುವ ಅಗತ್ಯವಿರಲಿಲ್ಲ. ಬಾಲವನ್ನು ಉದ್ದಕ್ಕೆಳೆದು ತುದಿಯಲ್ಲಿ ಚಿಕ್ಕದಾಗಿ ಸುತ್ತುವ ಆ ಟಿಕ್ಕನ್ನು ಅವಳು ಮೂರು ವರ್ಷ ತನ್ನ ಉತ್ತರ ಪತ್ರಿಕೆಗಳ ಮೇಲೆ ನೋಡಿದ್ದಳು.

*

ಸ್ಕೂಟರ್ ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗುವಾಗ ಫೋನ್ ಬಂತು. ಸಂತೋಷ್. ಸತ್ತ ಶಿವರಾಜುವಿನ ಹೆಂಡತಿ ಸೌಮ್ಯಳ ಅಣ್ಣ. ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ವೆಲ್ಡರ್. ಮೊದಲ ದಿನ ತಂಗಿಯನ್ನು ಬೆಸಗರಹಳ್ಳಿಯಿಂದ ದೀಪಿಕಳ ಕಚೇರಿಗೆ ಕರೆತಂದವನೂ ಅವನೇ. 'ಆವತ್ತೊಂದಿನ ನಾನು ರಜ ಆಕದೆ ಇದ್ದಿದ್ರೆ ಬಾವನ ಜೊತೇಲಿ ಇರ್ತಿದ್ದೆ' ಅಂತ ಅವತ್ತು ಗೋಡೆ ಕಡೆ ತಿರುಗಿ ಅತ್ತಿದ್ದ. ಆಮೇಲೆ ದಿನಕ್ಕೊಂದು ಸಲ ಫೋನ್ ತಪ್ಪಿಸಿದವನಲ್ಲ.

ಹೊಂಗೆ ಮರದ ನೆರಳಿಗೆ ಸ್ಕೂಟರ್ ನಿಲ್ಲಿಸಿದಳು.

"ಅಕ್ಕ, ಏನಾರ ಗೊತ್ತಾಯ್ತಾ?"

"ಆವತ್ತು ಟ್ಯಾಂಕಿನೊಳಗೆ ಇನ್ನೊಬ್ಬ ಇದ್ದ ಸಂತೋಷ್."

ಕಬ್ಬಿನ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು.

"ಎಸ್ರು ಅದಾ ಅದ್ರಲ್ಲಿ?"

"ಸಂಜೆಯೊಳಗೆ ಸಿಗುತ್ತೆ."

"ಆಯ್ತು ಬುಡಿ ಅಕ್ಕ," ಅಂದ. ಬೇರೆ ದಿನ ಹತ್ತು ಪ್ರಶ್ನೆ ಕೇಳುವವನು ಅಷ್ಟಕ್ಕೇ ಇಟ್ಟುಬಿಟ್ಟ. ಪಾಪ, ಭಾವನ ನೆನಪಾಗಿರಬೇಕು ಅಂದುಕೊಂಡಳು ದೀಪಿಕ. ಅವಳ ಮನಸ್ಸೆಲ್ಲ ಜೇಬಿನಲ್ಲಿದ್ದ ಕಾಗದದ ಮೇಲಿತ್ತು.

ಸಹಿ ಯಾರೋ ನಕಲು ಮಾಡಿರಬಹುದು. ಟಿಕ್ಕನ್ನೂ ನಕಲು ಮಾಡಬಹುದು. ಇಪ್ಪತ್ತೈದು ಕಿಲೋಮೀಟರಿನುದ್ದಕ್ಕೂ ಅವಳು ಇದನ್ನೇ ಹೇಳಿಕೊಂಡಳು.

*

"ಬಾಮ್ಮ ಬಾ, ಈ ಬಿಸಿಲಲ್ಲಿ ಸ್ಕೂಟರಲ್ಲೇ ಬಂದ್ಯಾ? ಇವಳೇ, ದೀಪಿಕ ಬಂದಿದಾಳೆ, ಕಾಫಿ ಇಡು."

ಅನಂತರಾಮು ಜಗಲಿಯಿಂದೆದ್ದು ಒಳಗೆ ಕರೆದುಕೊಂಡು ಹೋದರು. ಅರವತ್ತೊಂಬತ್ತರ ತೆಳ್ಳನೆಯ ದೇಹ, ಇಸ್ತ್ರಿಯಾದ ಅರೆತೋಳಿನ ಅಂಗಿ. ಮೇಜಿನ ಗಾಜಿನಡಿಯಲ್ಲಿ ಪತ್ರಿಕೆಯ ತುಂಡೊಂದನ್ನು ನೀಟಾಗಿ ಕತ್ತರಿಸಿ ಇಟ್ಟಿದ್ದರು. 'ಹಳೇ ಪ್ರೋಗ್ರಾಂ ತಪ್ಪು ಮಾಡಿಲ್ಲ: ಪತ್ತೇದಾರಿಣಿ ದೀಪಿಕ.' ಪಕ್ಕದಲ್ಲಿ ಮಗಳು ಗೌತಮಿಯ ಮದುವೆಯ ಫೋಟೊ. ಮಗಳ ಪಕ್ಕ ನಗುತ್ತಾ ನಿಂತಿದ್ದವನು ಸುಧೀಂದ್ರ. ಕಾರ್ಖಾನೆಯ ಹೊಸ ಪರದೆಯನ್ನು ಕಟ್ಟಿದವನು.

ಅದು ಊರಿಗೆಲ್ಲ ಗೊತ್ತಿದ್ದ ವಿಷಯವೇ. ಮಾವ ಬರೆದದ್ದನ್ನು ಅಳಿಯ ಹೊಸದು ಮಾಡುತ್ತಿದ್ದಾನೆ ಅಂತ ಕಂಪನಿಯವರು ಹಾರ ಹಾಕಿ ಫೋಟೊ ತೆಗೆಸಿದ್ದರು.

"ಸರ್, ಹೆಸರಿನ ಪುಟದ ಪಾಸ್‌ವರ್ಡ್ ಬೇಕಿತ್ತು."

ಅನಂತರಾಮು ಕನ್ನಡಕ ತೆಗೆದರು. "ಯಾವ ಹೆಸರಿನ ಪುಟ?"

"ಒಳಗೆ ಇಬ್ಬರು, ಹೊರಗೆ ಒಬ್ಬ. ಆ ಒಬ್ಬ ಯಾರು ಅಂತ ನೋಡಬೇಕು."

ಅವರ ಮುಖ ಕಳೆಗುಂದಿತು. ಅಚ್ಚರಿಪಟ್ಟ ಮುಖವಂತೂ ಅಲ್ಲ. ದೀಪಿಕ ಅದನ್ನು ಗಮನಿಸಿದಳು. ಗಮನಿಸದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಎಷ್ಟೋ ವರ್ಷ ಆಯ್ತಮ್ಮ. ಪಾಸ್‌ವರ್ಡ್ ನೆನಪಿಲ್ಲ."

"ನೀವು ಮರೆಯೋದಿಲ್ಲ ಸರ್. ಎರಡು ಸಾವಿರದ ಮೂರನೇ ಇಸವಿಯ ನನ್ನ ರೋಲ್ ನಂಬರ್ ಹೇಳ್ತೀರಿ ನೀವು."

ಕಾಗದ ತೆಗೆದು ಗಾಜಿನ ಮೇಲಿಟ್ಟಳು. ಪತ್ರಿಕೆಯ ತುಂಡಿನ ಮೇಲೇ ಬಂತು.

"ಇದು ನಿಮ್ಮ ಸಹಿ ಅಲ್ಲ ಅಂತ ಹೇಳಿಬಿಡಿ ಸರ್. ನಾನು ಎದ್ದು ಹೋಗ್ತೀನಿ."

ಅನಂತರಾಮು ಕಾಗದ ಮುಟ್ಟಲಿಲ್ಲ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

"ನಂದೇ," ಅಂದರು.

"ಎಣಿಕೆ ಹೊಸದರಲ್ಲಿ ಇಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಟಿಕ್ ಹಾಕಿದ್ರಾ?"

"ಸುಧೀಂದ್ರ ಬಂದು ಕೂತ. ಇದೇ ಕುರ್ಚಿ. ಒಂದನೇ ತಾರೀಕು ಶುರು ಮಾಡದೇ ಇದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ ಮಾವ, ಎಣಿಕೆಯೊಂದನ್ನ ಮುಂದಿನ ತಿಂಗಳು ಸೇರಿಸ್ತೀನಿ, ಅಂದ. ಟ್ಯಾಂಕಿಗೆ ಇಬ್ಬರು ಇಳಿಯೋದು ವರ್ಷಕ್ಕೆ ಒಂದು ಸಲವೋ ಎರಡು ಸಲವೋ. ಒಂದು ತಿಂಗಳಲ್ಲಿ ಏನಾಗುತ್ತೆ ಅಂದ್ಕೊಂಡೆ." ಅವರು ಕನ್ನಡಕದ ಕಡ್ಡಿ ಮಡಿಸಿದರು. "ಹನ್ನೊಂದನೇ ದಿನ ಆಯ್ತು."

ದೀಪಿಕ ಕುರ್ಚಿಯ ತೋಳನ್ನು ಹಿಡಿದುಕೊಂಡಳು. ಕೋಪ ಬರಬೇಕಿತ್ತು. ಬಂದದ್ದು ತರಗತಿಯ ನೆನಪು. ಇದೇ ಮನುಷ್ಯ ಕರಿಹಲಗೆಯ ಮುಂದೆ ನಿಂತು ಹೇಳಿದ್ದರು: ತೊಂಬತ್ತಾರರಲ್ಲಿ ಮರಿಸಿದ್ದಯ್ಯ ಅನ್ನುವ ಕೂಲಿಯಾಳೊಬ್ಬ ಇದೇ ಕಾರ್ಖಾನೆಯ ಟ್ಯಾಂಕಿನೊಳಗೆ ನಿದ್ದೆ ಹೋಗಿದ್ದ, ಜೊತೆಯವರು ಅವನನ್ನು ಮರೆತು ಮುಚ್ಚಳ ಹಾಕಿದ್ದರು, ಒಳಗಿನಿಂದ ಬಡಿದ ಸದ್ದು ಯಾರಿಗೋ ಕೇಳಿಸಿ ಉಳಿದ. ಅದಕ್ಕೇ ತಾನು ಪ್ರೋಗ್ರಾಂ ಬರೆಯಲು ಕೂತಾಗ ಮೊದಲು ಬರೆದದ್ದೇ ಎಣಿಕೆ. 'ಎಷ್ಟು ಜನ ಹೋದರು, ಎಷ್ಟು ಜನ ಬಂದರು. ಉಳಿದದ್ದೆಲ್ಲ ಆಮೇಲೆ' ಅಂದಿದ್ದರು. ಅವಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡು ಅಡಿಗೆರೆ ಹಾಕಿದ್ದಳು.

"ಆಮೇಲೆ ಎರಡು ತಿಂಗಳು ನಾನು ನಿಮಗೋಸ್ಕರ ಅಲೆದೆನಲ್ಲ ಸರ್. ಒಂದು ದಿನ ಆದರೂ ಹೇಳಬೇಕು ಅನ್ನಿಸಲಿಲ್ವಾ?"

"ನೀನು ಹೇಳ್ತಾ ಇದ್ದದ್ದು ಸುಳ್ಳಲ್ಲವಲ್ಲಮ್ಮ. ಹಳೇ ಪ್ರೋಗ್ರಾಂ ತಪ್ಪು ಮಾಡಲಿಲ್ಲ."

"ಪ್ರೋಗ್ರಾಂ ಮಾಡಲಿಲ್ಲ ಸರ್. ನೀವು ಮಾಡಿದ್ರಿ."

ಅನಂತರಾಮು ಕನ್ನಡಕವನ್ನು ಮೇಜಿನ ಮೇಲಿಟ್ಟರು.

"ಸೌಮ್ಯ ನನ್ನ ಕೈ ಹಿಡ್ಕೊಂಡು ಕೇಳಿದ್ದಳು, ನಿಮ್ಮ ಸರ್‌ದು ಏನೂ ತಪ್ಪಿಲ್ಲವಾ ಅಕ್ಕ ಅಂತ. ಅವರ ಕಾಲು ಮುಟ್ಟಿ ಕಲಿತವಳು ನಾನು, ಅವರದ್ದು ತಪ್ಪಿದ್ದರೆ ನಾನು ಈ ಕೆಲಸ ಬಿಡ್ತೀನಿ ಅಂದೆ. ಅವಳ ಮುಖ ಹೇಗೆ ನೋಡಲಿ ನಾನು?"

"ಗೌತಮಿ ಮುಖ ನೋಡಿದೆ ನಾನು," ಅಂದರು ಅವರು ಮೆಲ್ಲಗೆ. "ಅವಳ ಗಂಡ ಜೈಲಿಗೆ ಹೋಗ್ತಾನೆ ಅಂದರೆ... ನಿನಗೂ ಮಕ್ಕಳಿದ್ದಿದ್ದರೆ ಗೊತ್ತಾಗ್ತಿತ್ತು."

ಆ ಮಾತು ಎಲ್ಲಿ ನಾಟಿತೆಂದು ಅವರಿಗೂ ತಕ್ಷಣ ಗೊತ್ತಾಯಿತು. ಕೈ ಮುಂದೆ ಚಾಚಿದರು. ದೀಪಿಕ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

"ನನ್ನನ್ನ ಮಗಳು ಅಂತಾನೇ ಕರೀತಿದ್ರಿ ಸರ್ ನೀವು."

ಬಾಗಿಲಲ್ಲಿ ಗೋದಮ್ಮ ಕಾಫಿಯ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಲೋಟದ ಮೇಲೆ ಕೆನೆ ಕಟ್ಟಿತ್ತು.

"ಕೊಟ್ಟುಬಿಡಿ," ಅಂದರು ಗಂಡನಿಗೆ. "ಎರಡು ತಿಂಗಳಾಯ್ತು ನೀವು ಸರಿಯಾಗಿ ಊಟ ಮಾಡಿ. ಅದೇನು ಕೇಳ್ತಾಳೋ ಕೊಟ್ಟುಬಿಡಿ."

ಅನಂತರಾಮು ಪೆನ್ನು ತೆಗೆದುಕೊಂಡರು. ಹೋಲಿಕೆ ಪಟ್ಟಿಯ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬರೆದು ಅವಳ ಕಡೆ ತಳ್ಳಿದರು. ಮರಿಸಿದ್ದಯ್ಯ.

ದೀಪಿಕ ಕಾಫಿ ಕುಡಿಯದೆ ಎದ್ದಳು. ಇಷ್ಟು ವರ್ಷದಲ್ಲಿ ಆ ಮನೆಯಿಂದ ಅವಳು ಹಾಗೆ ಎದ್ದು ಬಂದದ್ದು ಅದೇ ಮೊದಲು.

*

ಜಗಲಿಗೆ ಬಂದು ಅಂಕಯ್ಯನಿಗೆ ಫೋನ್ ಮಾಡಿ ಅಕ್ಷರ ಹೇಳುತ್ತಾ ಹೋದಳು. ಅವನು ಪ್ರತಿ ಅಕ್ಷರವನ್ನೂ ಎರಡು ಸಲ ಕೇಳಿ ಒತ್ತಿದ.

"ಬಂತು ಮೇಡಮ್ಮೋರೆ. ಒಂದನೇದು ಶಿವರಾಜು. ಒಳಕ್ಕೆ ಅತ್ತು ಗಂಟೆ ನಲವತ್ತೆರಡು. ಈಚ್ಗೆ ಬಂದಿರಾದು ಕಾಲಿ." ಉಸಿರೆಳೆದುಕೊಂಡ. "ಎರಡನೇದು... ಅಯ್ಯೋ."

"ಓದಿ ಅಂಕಯ್ಯಣ್ಣ."

"ಒಳಕ್ಕೆ ಅತ್ತು ನಲವತ್ತಮೂರು. ಈಚ್ಗೆ ಅನ್ನೊಂದು ಐದು. ಎಸ್ರು ಸಂತೋಷ್. ಬೆಸಗರಳ್ಳಿ. ಗುತ್ತಿಗೆ."

ಹಬೆ ಬಿಟ್ಟದ್ದು ಹನ್ನೊಂದು ಒಂಬತ್ತಕ್ಕೆ.

"ಇನ್ನೊಬ್ಬ ಸಂತೋಷ್ ಇರಬಹುದಾ?"

"ನಮ್ಮಲ್ಲಿ ಬೆಸಗರಳ್ಳಿ ಸಂತೋಷ ಒಬ್ನೇ ಮೇಡಮ್ಮೋರೆ. ಆದ್ರೆ ಆಜರಿ ಪುಸ್ತಕದಲ್ಲಿ ಅವ್ನಿಗೆ ರಜ ಬರ್ದದೆ. ನಾನೇ ನೋಡಿವ್ನಿ. ಅದ್ ಯಾರು ಬರುದ್ರೋ ಕಾಣೆ."

ಗೋಡೆ ಕಡೆ ತಿರುಗಿ ಅತ್ತವನು. ದಿನಾ ಫೋನ್ ಮಾಡಿ ಏನು ಗೊತ್ತಾಯಿತು ಅಂತ ಕೇಳುತ್ತಿದ್ದವನು. ಅಷ್ಟು ದಿನ ಅವಳು ಕಲೆಹಾಕಿದ್ದನ್ನೆಲ್ಲ ಅವತ್ತವತ್ತೇ ಅವನ ಕಿವಿಗೆ ಹಾಕುತ್ತಾ ಬಂದಿದ್ದಳು.

ಸೌಮ್ಯಳಿಗೆ ಹೇಗೆ ಹೇಳುವುದು? ಗಂಡ ಹೋದ; ಅವನನ್ನು ಒಳಗೆ ಬಿಟ್ಟು ಬಂದವನು ಒಡಹುಟ್ಟಿದ ಅಣ್ಣ. ಬೆಸಗರಹಳ್ಳಿಗೆ ಹೋಗಿ ಎದುರಿಗೆ ಕೂತು ಹೇಳಬೇಕು ಅಂದುಕೊಂಡವಳ ಬೆರಳು ಅಷ್ಟರಲ್ಲಿ ನಂಬರ್ ಒತ್ತಿಬಿಟ್ಟಿತ್ತು.

"ಏಳಿ ಅಕ್ಕ," ಅಂದಳು ಸೌಮ್ಯ. ಹಿಂದೆ ಕೊಟ್ಟಿಗೆಯಲ್ಲಿ ಹಸುವೊಂದು ಕೂಗುತ್ತಿತ್ತು.

"ಸೌಮ್ಯ, ಒಂದು ಮಾತು ಕೇಳ್ತೀನಿ. ನಿಮ್ಮಣ್ಣ ಆವತ್ತು ಎಲ್ಲಿದ್ದ?"

ಹಸು ಇನ್ನೆರಡು ಸಲ ಕೂಗಿತು.

"ಸಿಕ್ಬುಟ್ನಾ ಅಕ್ಕ?"

ದೀಪಿಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ನಿನಗೆ ಗೊತ್ತಿತ್ತಾ?"

"ಆವತ್ತೇ ಗೊತ್ತು. ಬಾವನ್ನ ಆಸ್ಪತ್ರೆಗೆ ತಕಂಡೋದ್ರು ಅಂತ ಏಳಕ್ಕೆ ಬಂದೋನು ಅಡ್ಗೆ ಮನೇಲಿ ಕೂತ್ಕಂಡು ಎಲ್ಲಾ ಏಳ್ಬುಟ್ಟ. ನನ್ ಕಾಲ್ ಇಡ್ಕಂಡು ಅತ್ತ."

"ಮತ್ತೆ ನನ್ನನ್ನ ಯಾಕೆ ಕರೆಸಿದೆ? ಎರಡು ತಿಂಗಳು ನನ್ನ ಎದುರಿಗೆ ಕೂತು, ಯಾರು ಮಾಡಿದ್ದು ಅಂತ ಪತ್ತೆ ಮಾಡಿ ಅಕ್ಕ ಅಂತ ಅತ್ತೆಯಲ್ಲ?"

"ಸುಳ್ಳೇ ಅಳ್ನಿಲ್ಲ ಅಕ್ಕ," ಅಂದಳು ಸೌಮ್ಯ. "ನಮ್ಮಣ್ಣ ಸಿಕ್ಬೀಳಾಕೆ ಮೊದ್ಲು, ಅವ್ನ ಈಚ್ಗೆ ಕರ್ದೋರು ಸಿಕ್ಲಿ ಅಂತ ಕಣಕ್ಕ."

"ಯಾರು ಕರೆದರು?"

ಯಾರೋ ಫೋನ್ ಕಿತ್ತುಕೊಂಡ ಸದ್ದು. ಆಮೇಲೆ ದಿನಾ ಕೇಳುತ್ತಿದ್ದ ಆ ಗಂಡುದನಿ, ಈ ಸಲ ಬಗ್ಗದೆ ಜಗ್ಗದೆ, ಮನೆಯೊಳಗಿನವರಿಗೂ ಕೇಳಿಸುವಷ್ಟು ಜೋರಾಗಿ.

"ನಾನೇ ಮಾತಾಡ್ತಾವ್ನಿ ಅಕ್ಕ. ಈಚ್ಗೆ ಬಾ ಅಂತ ಕರುದ್ರು, ಬಾವ ಒಳಗವ್ರೆ ಅಂದೆ. ಪರ್ವಾಗಿಲ್ಲ, ಒಂದ್ ಸಲ ಟ್ಯಾಬ್ಲೆಟ್ಟಲ್ಲಿ ಒತ್ತಿ ತೋರ್ಸು, ಕಂಪನಿ ದೊಡ್ಡೋರು ನೋಡ್ಬೇಕಂತೆ, ಅಂದ್ರು. ಒತ್ತುದೆ. ಆಮೇಲೆ ನಂಗೆ ರಜ ಅಂತ ಬರ್ಸಿದ್ದೂ ಅವ್ರೇ. ಅದು ನಿಮ್ ಸಾರ್ ಅಳಿಯ ಅಂದ್ರೆ ನಂಬ್ತೀರಾ ನೀವು?"

ದೀಪಿಕ ಬಾಯಿ ತೆರೆಯುವ ಮೊದಲೇ ಅವಳ ಬೆನ್ನ ಹಿಂದೆ ಅನಂತರಾಮು ಮನೆಯ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಯಾರೋ ಅಗುಳಿ ಹಾಕಿದರು.